ಅಚ್ಚಿನ ಮೊಳೆ ನೋಡಿ ಕೈಬರಹ ತಿದ್ದಿಕೊಳ್ಳಬಹುದಾ? ಮೊದಲು ತಲೆಕಟ್ಟು ಹಿಡೀರಿ

ಪ್ರಶ್ನೆ: ಸರ್, ನಾನು ಶಿಡ್ಲಘಟ್ಟದವಳು, ಬಿ.ಎಡ್. ಓದುತ್ತಿದ್ದೇನೆ. ಮನೆಯಲ್ಲಿ ತಾತನ ಕಾಲದ ಕೆಲವು ಪುಸ್ತಕಗಳಿವೆ, ಒಂದೊಂದೇ ಅಕ್ಷರದ ಲೋಹದ ಮೊಳೆ ಜೋಡಿಸಿ ಅಚ್ಚು ಹಾಕಿದವು. ಆ ಅಕ್ಷರಗಳು ನನಗೆ ಬಹಳ ಇಷ್ಟ. ನನ್ನ ಕೈಬರಹವೂ ಹಾಗೇ ಇರಬೇಕು, ಆದರೆ ನನ್ನದೇ ಒಂದು ಶೈಲಿಯೂ ಇರಬೇಕು ಅಂತ ಆಸೆ. ನೋಡಿಕೊಂಡು ಬರೆದರೆ ಬರುತ್ತದೆ, ಆದರೆ ಒಂದು ಸಾಲಿಗೆ ಎರಡು ನಿಮಿಷ ಬೇಕು. ಬೇಗ ಬರೆದರೆ ಮತ್ತೆ ಹಳೇ ಕೋಳಿ ಕೆರೆದ ಅಕ್ಷರವೇ. ಇದು ಆಗುವ ಕೆಲಸವಾ? ಯಾವ ಪೆನ್ನು ತಗೊಳ್ಳಲಿ? ಇಂಗ್ಲಿಷಿಗೂ ಹೀಗೆ ಮಾಡಬಹುದಾ?

ಉತ್ತರ: ಆಗುವ ಕೆಲಸವೇ. ಆದರೆ ಸಾಲಿಗೆ ಎರಡು ನಿಮಿಷ ಹಿಡಿಯುತ್ತಿದೆ ಅಂದರೆ ನೀವು ಬರೆಯುತ್ತಿಲ್ಲ, ಅಕ್ಷರದ ಚಿತ್ರ ಬಿಡಿಸುತ್ತಿದ್ದೀರಿ. ಮೊಳೆಯ ಮೇಲಿರುವುದು ನಿಂತ ಅಕ್ಷರ. ಅದಕ್ಕೆ ಶುರು ಎಲ್ಲಿ, ಕೊನೆ ಎಲ್ಲಿ ಅನ್ನುವುದೇ ಇಲ್ಲ. ಕೈಬರಹದಲ್ಲಿ ಪೆನ್ನು ಎಲ್ಲಿಂದ ಹೊರಟಿತು, ಯಾವ ಕಡೆ ತಿರುಗಿತು, ಎಲ್ಲಿ ಎದ್ದಿತು ಅನ್ನುವುದರ ಮೇಲೇ ಎಲ್ಲ ನಿಂತಿದೆ. ಹಾಗಾಗಿ ಅಚ್ಚಿನಿಂದ ಇಡೀ ಆಕಾರ ಎತ್ತಿಕೊಳ್ಳೋಕೆ ಹೋಗಬೇಡಿ. ಅದರ ಎರಡು ಮೂರು ಚಾಳಿ ಮಾತ್ರ ತಗೊಳ್ಳಿ, ಮಿಕ್ಕಿದ್ದನ್ನು ನಿಮ್ಮ ಕೈಗೆ ಬಿಡಿ.

ಅಚ್ಚು ನೋಡಿ ಬರೆಯೋದು ನಕಲು ಅಂತ ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ. ಅಚ್ಚು ಹುಟ್ಟಿದ್ದೇ ಕೈಬರಹ ನೋಡಿ. ಇಂಗ್ಲಿಷಿನಲ್ಲಿ ಇಟಾಲಿಕ್ ಅಂತ ಓರೆ ಅಕ್ಷರ ಇದೆಯಲ್ಲ, ಅದನ್ನು 1500ರ ಸುಮಾರಿಗೆ ವೆನಿಸ್ ಊರಿನಲ್ಲಿ ಆಲ್ಡಸ್ ಮನೂಷಿಯಸ್ ಅನ್ನುವ ಮುದ್ರಕನಿಗಾಗಿ ಫ್ರಾನ್ಸೆಸ್ಕೊ ಗ್ರಿಫೊ ಕೊರೆದುಕೊಟ್ಟ, ಆ ಕಾಲದ ವಿದ್ವಾಂಸರ ಓಡುಬರಹವನ್ನು ಮುಂದಿಟ್ಟುಕೊಂಡು. ನಮ್ಮಲ್ಲಿ ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಬಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿನಲ್ಲಿ ಮೊಳೆಗೆ ಕೆಲಸವೇ ಇಲ್ಲ, ಕೈಯಲ್ಲಿ ಬರೆದದ್ದೇ ಅಚ್ಚಾಗಿ ಬೀಳುತ್ತದೆ. ಅಂದರೆ ನೀವು ಮಾಡಹೊರಟಿರುವುದು ಅಚ್ಚು ಬಂದ ದಾರಿಯಲ್ಲಿ ವಾಪಸ್ ನಡೆಯುವ ಕೆಲಸ, ಅಷ್ಟೇ.

ಈಗ ಕೆಲಸಕ್ಕೆ ಬರೋಣ. ತಾತನ ಪುಸ್ತಕದ ಒಂದು ಪುಟದ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಅಕ್ಷರದ ಅಂಚು ಚೊಕ್ಕವಾಗಿರುವುದಿಲ್ಲ. ಮೊಳೆಯನ್ನು ಕಾಗದಕ್ಕೆ ಒತ್ತಿದಾಗ ಮಸಿ ಸುತ್ತ ಸ್ವಲ್ಪ ಹರಡಿರುತ್ತದೆ, ಸವೆದ ಮೊಳೆಯಾದರೆ ಇನ್ನೂ ಜಾಸ್ತಿ. ನಿಮಗೆ ಇಷ್ಟವಾದ ಆ ತುಂಬುತನದಲ್ಲಿ ಒಂದು ಪಾಲು ಮಸಿಯದ್ದು, ಕಾಗದದ್ದು. ಅದನ್ನು ಬಾಲ್ ಪೆನ್ನಿನಲ್ಲಿ ತರೋಕೆ ಆಗುವುದಿಲ್ಲ, ತರೋಕೆ ಹೋಗಿ ಗೆರೆ ಮೇಲೆ ಗೆರೆ ತಿದ್ದುತ್ತಾ ಕೂತರೆ ಎರಡು ನಿಮಿಷ ಏನು, ಐದು ನಿಮಿಷವೂ ಸಾಲದು. ಆದ್ದರಿಂದ ದಪ್ಪ ತೆಳುವಿನ ಆಟವನ್ನು ಮೊದಲ ದಿನವೇ ಬಿಟ್ಟುಬಿಡಿ. ನಿಮಗೆ ಬೇಕಾದದ್ದು ಒಳಗಿನ ಗೆರೆ.

ಅದನ್ನು ಹುಡುಕುವುದು ಹೀಗೆ. ಆ ಪುಟದ ಒಂದು ಪ್ಯಾರಾವನ್ನು ಜೆರಾಕ್ಸ್ ಅಂಗಡಿಯಲ್ಲಿ ಎರಡು ಮೂರು ಪಟ್ಟು ದೊಡ್ಡದು ಮಾಡಿಸಿ. ಮೇಲೆ ಬಟರ್ ಪೇಪರ್ ಇಟ್ಟು, ಚೂಪು ಪೆನ್ಸಿಲ್ಲಿನಲ್ಲಿ ಅಕ್ಷರದ ದಪ್ಪದ ನಟ್ಟನಡುವೆ ಒಂದೇ ಗೆರೆ ಎಳೆಯುತ್ತಾ ಹೋಗಿ. ಅಂಚನ್ನು ಮುಟ್ಟಬೇಡಿ. ಮುಗಿದ ಮೇಲೆ ಬಟರ್ ಪೇಪರನ್ನು ಬಿಳಿ ಹಾಳೆ ಮೇಲಿಟ್ಟು ನೋಡಿ. ಅಲ್ಲಿ ಕಾಣುವುದೇ ನೀವು ಬರೆಯಬಹುದಾದ ಅಕ್ಷರ. ಹಳೇ ಪುಟ ತೀರಾ ಮಸುಕಾಗಿದ್ದರೆ ಇನ್ನೊಂದು ದಾರಿ ಇದೆ. ಕಂಪ್ಯೂಟರಿನಲ್ಲಿ ಅನೇಕ್ ಕನ್ನಡ ಅನ್ನುವ ಫಾಂಟ್ ಉಚಿತವಾಗಿ ಸಿಗುತ್ತದೆ, ಏಕ್ ಟೈಪ್ ಅವರದ್ದು, ಅದರಲ್ಲಿ ಕೂದಲೆಳೆಯಷ್ಟು ತೆಳುವಿನಿಂದ ಹಿಡಿದು ತುಂಬಾ ದಪ್ಪದವರೆಗೆ ಒಂದೇ ಅಕ್ಷರ ಹಲವು ತೂಕದಲ್ಲಿದೆ. ತೀರಾ ತೆಳು ಇರುವುದನ್ನು ಪ್ರಿಂಟ್ ತೆಗೆದು ನಿಮ್ಮ ಬಟರ್ ಪೇಪರಿನ ಪಕ್ಕ ಇಡಿ. ಹಳೇ ಮೊಳೆಯ ಅಕ್ಷರ ಎಲ್ಲಿ ಅಗಲ, ಎಲ್ಲಿ ಇಕ್ಕಟ್ಟು, ಯಾವುದರ ಹೊಟ್ಟೆ ದೊಡ್ಡದು ಅನ್ನುವುದು ಎರಡನ್ನೂ ಹೋಲಿಸಿದಾಗ ಥಟ್ಟನೆ ಕಣ್ಣಿಗೆ ಬೀಳುತ್ತದೆ. ‘ಬಲೂ ತಮ್ಮ’ ಅಂತ ಇನ್ನೊಂದಿದೆ, ಅದರ ಥರದ ಉಬ್ಬಿದ ಫಾಂಟು ಈ ಕೆಲಸಕ್ಕೆ ಬೇಡ. ಅದು ಬೋರ್ಡಿಗೆ ಚೆಂದ.

ಇಷ್ಟಾದ ಮೇಲೆ ಎಲ್ಲರೂ ಮಾಡುವುದು ಒಂದೇ. ಅ ಆ ಇ ಈ ಇಂದ ಶುರು ಮಾಡಿ ಳ ವರೆಗೆ ದಿನಾ ಹತ್ತು ಸಾಲು ಬರೆಯುತ್ತಾರೆ. ಒಂದು ವಾರಕ್ಕೆ ಬೇಸರವಾಗಿ ಪುಸ್ತಕ ಮೂಲೆ ಸೇರುತ್ತದೆ. ಅಕ್ಷರಮಾಲೆ ಬಿಡಿ. ತಲೆಕಟ್ಟು ಹಿಡೀರಿ.

ಯಾಕೆ ಹೇಳುತ್ತೇನೆ ಕೇಳಿ. ನಮ್ಮ ವರ್ಗೀಯ, ಅವರ್ಗೀಯ ವ್ಯಂಜನ ಸೇರಿ 34. ಅದರಲ್ಲಿ ತಲೆಕಟ್ಟು ಇಲ್ಲದವು ಖ, ಙ, ಜ, ಞ, ಟ, ಣ, ಬ, ಲ, ಈ ಎಂಟೇ. ಉಳಿದ 26ಕ್ಕೂ ತಲೆಕಟ್ಟು ಇದೆ. ಯಾವುದೇ ಪುಟ ತೆಗೆಯಿರಿ, ಕಣ್ಣಿಗೆ ಮತ್ತೆ ಮತ್ತೆ ಬೀಳುವ ಗೆರೆ ಇದೊಂದೇ. ನಾನು ಅಂಗಡಿ ಬೋರ್ಡು ಬರೆಯುತ್ತಿದ್ದ ಕಾಲದಲ್ಲಿ, ಅಂದರೆ ಫ್ಲೆಕ್ಸ್ ಬಂದು ನಮ್ಮ ಬ್ರಷ್ಷು ಒಣಗಿಸುವ ಮೊದಲು, ಒಂದೇ ಬೀದಿಯಲ್ಲಿ ಯಾವ ಬೋರ್ಡು ಯಾರ ಕೈ ಅಂತ ದೂರದಿಂದಲೇ ಹೇಳುತ್ತಿದ್ದೆವು. ನೋಡುತ್ತಿದ್ದದ್ದು ತಲೆಕಟ್ಟನ್ನೇ. ಒಬ್ಬರದ್ದು ನೆಟ್ಟಗೆ ಹೋಗಿ ತುದಿಯಲ್ಲಿ ಚೂರೇ ಚೂರು ಮೇಲೆದ್ದಿರುತ್ತದೆ, ಇನ್ನೊಬ್ಬರದ್ದು ಹುಬ್ಬು ಏರಿಸಿದ ಹಾಗೆ ಬಾಗಿರುತ್ತದೆ, ಮತ್ತೊಬ್ಬರದ್ದು ಅಕ್ಷರದ ಮೈಗೆ ತಾಗದೆ ಕೂದಲೆಳೆ ಅಂತರದಲ್ಲಿ ನಿಂತಿರುತ್ತದೆ.

ನಿಮ್ಮ ಪುಸ್ತಕದ ತಲೆಕಟ್ಟು ಇವುಗಳಲ್ಲಿ ಯಾವ ಜಾತಿ ನೋಡಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಅದು ಅಕ್ಷರದ ಮೈಗಿಂತ ಅಗಲವಾ, ಕಿರಿದಾ? ಬಲತುದಿ ಎಷ್ಟು ಮೇಲೆ ಏಳುತ್ತದೆ? ಮೈಗೂ ಅದಕ್ಕೂ ಸಂದು ಇದೆಯಾ? ಉತ್ತರ ಸಿಕ್ಕ ಮೇಲೆ, ನಿಮ್ಮ ಹಳೇ ಕೈಬರಹದಲ್ಲೇ, ಬೇರೆ ಏನನ್ನೂ ಮುಟ್ಟದೆ, ತಲೆಕಟ್ಟು ಒಂದನ್ನು ಮಾತ್ರ ಹಾಗೆ ಬದಲಾಯಿಸಿ ಒಂದು ಪುಟ ಬರೆಯಿರಿ. ಪುಟದ ಮುಖವೇ ಬೇರೆಯಾಗಿರುತ್ತದೆ. ನಿಮಗೇ ಆಶ್ಚರ್ಯವಾಗುತ್ತದೆ.

ಬರೆಯುವ ಕ್ರಮವೂ ಇಲ್ಲೇ ತೀರ್ಮಾನವಾಗಬೇಕು. ಕೆಲವರು ತಲೆಕಟ್ಟು ಮೊದಲು ಎಳೆದು ಕೆಳಗಿಳಿಯುತ್ತಾರೆ, ಕೆಲವರು ಮೈ ಬರೆದು ಕೊನೆಗೆ ತಲೆ ಕಟ್ಟುತ್ತಾರೆ. ರ, ದ, ಗ ಥರದ ಅಕ್ಷರಗಳಿಗೆ ಕೊನೆಯಲ್ಲಿ ಹಾಕುವುದು ವಾಸಿ, ಯಾಕೆಂದರೆ ಎಡದಿಂದ ಬಲಕ್ಕೆ ಎಳೆದ ಪೆನ್ನು ಮುಂದಿನ ಅಕ್ಷರದ ಹತ್ತಿರವೇ ಬಂದು ನಿಲ್ಲುತ್ತದೆ. ಪ, ಸ, ಷ, ಹ ಇವುಗಳಲ್ಲಿ ತಲೆಕಟ್ಟು ಎಡಗಡೆಗೆ ಇದ್ದು ಮೈ ಬಲಕ್ಕೆ ಚಾಚಿರುತ್ತದೆ, ಇಲ್ಲಿ ಮೊದಲೇ ಹಾಕಿಬಿಡಿ, ಇಲ್ಲದಿದ್ದರೆ ಕೈ ಪ್ರತಿ ಸಲ ಹಿಂದಕ್ಕೆ ಓಡಬೇಕು. ಬೇಗ ಬರೆದಾಗ ಹಳೇ ಅಕ್ಷರ ನುಗ್ಗಿಬರುತ್ತದೆ ಅಂದಿರಲ್ಲ, ಮುಕ್ಕಾಲುಪಾಲು ಕಾರಣ ಇದೇ. ಹೊಸ ಆಕಾರ ಕಲಿತಿದ್ದೀರಿ, ಹೊಸ ದಾರಿ ಕಲಿತಿಲ್ಲ. ಅವಸರದಲ್ಲಿ ಕೈ ಗೊತ್ತಿರುವ ದಾರಿಯನ್ನೇ ಹಿಡಿಯುತ್ತದೆ.

ನಮ್ಮ ಕಡೆಯ ಒಂದು ವಿಷಯ ಹೇಳಲೇಬೇಕು. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಜನರಿಗೆ ಮನೆಮಾತು ತೆಲುಗು, ಶಾಲೆ ಕನ್ನಡ, ಎರಡೂ ಲಿಪಿ ಓದಲು ಬರುತ್ತದೆ. ತೆಲುಗಿನ ತಲೆಕಟ್ಟು ಮೇಷ್ಟ್ರು ಹಾಕುವ ರೈಟ್ ಮಾರ್ಕಿನಂತೆ ಕೆಳಗಿಳಿದು ಮೇಲೇರುತ್ತದೆ, ನಮ್ಮದು ಅಡ್ಡ ಮಲಗುತ್ತದೆ. ಎರಡೂ ಬರೆದು ಅಭ್ಯಾಸ ಇರುವವರ ಕನ್ನಡದಲ್ಲಿ ಆ ರೈಟ್ ಮಾರ್ಕು ನುಸುಳಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಕೈಯಲ್ಲೂ ಅದು ಇದ್ದರೆ ತಪ್ಪು ಅಂದುಕೊಂಡು ಅಳಿಸಬೇಡಿ. ತಲೆಕಟ್ಟಿನ ಅಗಲ ಅಚ್ಚಿನಿಂದ ತಗೊಳ್ಳಿ, ಈ ಏರುವ ತುದಿ ನಿಮ್ಮದಾಗಿ ಇರಲಿ. ಸ್ವಂತ ಶೈಲಿ ಬೇಕು ಅಂತ ತಾನೆ ನೀವು ಕೇಳಿದ್ದು.

ತಲೆಕಟ್ಟು ಕೈಗೆ ಕೂತ ಮೇಲೆ ಗುಡಿಸು. ಕ ಹೋಗಿ ಕಿ ಆದಾಗ, ಗ ಹೋಗಿ ಗಿ ಆದಾಗ ತಲೆಕಟ್ಟಿನ ಜಾಗಕ್ಕೆ ಗುಡಿಸು ಬಂದು ಕೂರುತ್ತದೆ. ಅಚ್ಚಿನಲ್ಲಿ ಅದು ದುಂಡಗೆ ಪೂರ್ತಿ ಸುತ್ತಿಕೊಂಡಿರುತ್ತದೆ, ಕೈಬರಹದಲ್ಲಿ ಬರೀ ಕೊಕ್ಕೆಯಾಗಿ ಉಳಿಯುತ್ತದೆ. ಹಳೇ ಮೊಳೆಯ ಗತ್ತು ಬರೋದು ಈ ಸುತ್ತಿನಿಂದಲೇ, ಹಾಗಾಗಿ ಇದಕ್ಕೆ ಸ್ವಲ್ಪ ಪುರುಸೊತ್ತು ಕೊಡಿ. ಕೊಂಬು, ದೀರ್ಘ, ಏತ್ವಗಳು ನಿಮ್ಮ ಹಳೇ ಕೈಯಲ್ಲಿ ಹೇಗಿವೆಯೋ ಹಾಗೇ ಇರಲಿ, ಓದೋಕೆ ಬಂದರೆ ಸಾಕು.

ಒತ್ತಕ್ಷರದ ಕಥೆ ಬೇರೆ. ಕೈಬರಹ ಹದಗೆಡುವುದು ಹೆಚ್ಚಾಗಿ ಗೆರೆಯ ಕೆಳಗೆ. ನೋಟ್‌ಬುಕ್ಕಿನ ಎರಡು ಗೆರೆಗಳ ನಡುವೆ ಸಾಮಾನ್ಯವಾಗಿ 8 ಮಿಲಿಮೀಟರ್ ಆಸುಪಾಸು ಜಾಗ ಇರುತ್ತದೆ. ಅದರಲ್ಲಿ ಅಕ್ಷರದ ಮೈಯನ್ನೇ 6 ಮಿಲಿಮೀಟರ್ ಬರೆದುಬಿಟ್ಟರೆ ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ‘ರಾಷ್ಟ್ರ’ ಅಂತ ಬರೆದು ನೋಡಿ, ಒಂದರ ಜೊತೆ ಒಂದು ಎರಡು ಒತ್ತು, ನಿಲ್ಲೋಕೆ ಜಾಗವೇ ಇರುವುದಿಲ್ಲ. ಮೈಯನ್ನು 3, ಹೆಚ್ಚೆಂದರೆ ಮೂರೂವರೆ ಮಿಲಿಮೀಟರಿಗೆ ಇಳಿಸಿ. ಒತ್ತು ಅದರ ಅರ್ಧದಷ್ಟು. ಶಾಲೆಯಲ್ಲಿ ‘ದೊಡ್ಡದಾಗಿ ಬರಿ’ ಅಂತ ಹೇಳಿಸಿಕೊಂಡು ಬೆಳೆದವರಿಗೆ ಇದು ಕಷ್ಟ, ಆದರೆ ಅಚ್ಚಿನ ಪುಟ ಅಷ್ಟು ನೆಮ್ಮದಿಯಾಗಿ ಕಾಣೋದು ಸಾಲಿನ ನಡುವೆ ಬಿಟ್ಟ ಬಿಳಿ ಜಾಗದಿಂದ. ಇನ್ನೊಂದು, ಅಚ್ಚಿನಲ್ಲಿ ಒತ್ತು ಸಾಮಾನ್ಯವಾಗಿ ಅಕ್ಷರದ ನೇರ ಕೆಳಗಿರದೆ ಸ್ವಲ್ಪ ಬಲಕ್ಕೆ ಸರಿದು ಕೂರುತ್ತದೆ. ನೀವೂ ಹಾಗೇ ಮಾಡಿ, ಕೈಗೂ ಅದೇ ಸಲೀಸು.

ಒತ್ತುಗಳಲ್ಲಿ ಎರಡು ಬಗೆ ಅನ್ನುವುದು ನೆನಪಿರಲಿ, ನಾಳೆ ಮಕ್ಕಳಿಗೆ ಹೇಳುವಾಗಲೂ ಬೇಕಾಗುತ್ತದೆ. ಕ್ಕ, ಟ್ಟ, ಳ್ಳ, ಪ್ಪ ಇವುಗಳಲ್ಲಿ ಒತ್ತು ಅಂದರೆ ಅದೇ ಅಕ್ಷರದ ಮರಿ, ತಲೆಕಟ್ಟು ಇದ್ದರೆ ಅದನ್ನು ಬಿಟ್ಟು. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ತಾಯಿ ಅಕ್ಷರದ ಹೋಲಿಕೆಯೇ ಇಲ್ಲ. ನಿಮ್ಮ ಊರಿನ ಹೆಸರು ಇದಕ್ಕೆ ಹೇಳಿ ಮಾಡಿಸಿದಂತಿದೆ. ‘ಶಿಡ್ಲಘಟ್ಟ’ದಲ್ಲಿ ಗುಡಿಸು ಹಾಕಿದ ಶ ಇದೆ, ಹೋಲಿಕೆ ಇಲ್ಲದ ಲ ಒತ್ತು ಇದೆ, ಅಗಲವಾದ ಘ ಇದೆ, ತಲೆಕಟ್ಟಿಲ್ಲದ ಟ ಇದೆ, ಅದರ ಕೆಳಗೆ ಅದೇ ಟ ಮರಿ. ದಿನಾ ಅಕ್ಷರಮಾಲೆ ಬರೆಯುವ ಬದಲು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಗುಡಿಬಂಡೆ, ಬಂಗಾರಪೇಟೆ ಅಂತ ಬಸ್ಸಿನ ಬೋರ್ಡು ಬರೆಯಿರಿ. ಕೈಗೆ ಬೇಕಾದ ತಿರುವೆಲ್ಲ ಅದರಲ್ಲೇ ಸಿಕ್ಕಿಬಿಡುತ್ತದೆ.

ಚೆಂದದ ಹುಚ್ಚಿನಲ್ಲಿ ಓದೋಕೆ ಬಾರದಂತೆ ಮಾಡಿಕೊಳ್ಳುವವರೂ ಇದ್ದಾರೆ. ಮ ಮತ್ತು ವು ಮೇಲೆ ಒಂದು ಕಣ್ಣಿಡಿ. ಬೇಗ ಬರೆದಾಗ ಎರಡರ ನಡುವೆ ಬಾಲದ ಉದ್ದ ಬಿಟ್ಟರೆ ವ್ಯತ್ಯಾಸವೇ ಉಳಿಯುವುದಿಲ್ಲ. ‘ನಾವು’ ಅಂತ ನೀವು ಬರೆದದ್ದನ್ನು ಮೌಲ್ಯಮಾಪಕರು ‘ನಾಮ’ ಅಂತ ಓದಿದರೆ ನಾಮ ಬೀಳೋದು ನಿಮಗೇ. ಮ ಗೆ ಗಿಡ್ಡ ಬಾಲ, ವು ಗೆ ತಲೆಕಟ್ಟಿನ ಮಟ್ಟಕ್ಕೆ ಏರುವ ಕೊಂಬು ಅಂತ ಒಂದು ನಿಯಮ ಮಾಡಿಕೊಂಡು ‘ಮಾವು’ ಅಂತ ಒಂದು ಪುಟ ಬರೆಯಿರಿ, ಎರಡೂ ಒಂದರ ಪಕ್ಕ ಒಂದು ಬರುತ್ತವೆ. ದ, ಧ ನಡುವೆ ಹೊಟ್ಟೆ ಸೀಳುವುದನ್ನು ಮರೆಯಬೇಡಿ, ಠ ಒಳಗಿನ ಚುಕ್ಕೆಯನ್ನೂ. ಅರ್ಕಾವತ್ತನ್ನು ಅಚ್ಚಿನಲ್ಲಿರುವಂತೆ ಅಕ್ಷರದ ಬಲಕ್ಕೇ ಹಾಕಿ, ಸೂರ್ಯ, ಕಾರ್ಯ ಅನ್ನುವಾಗ. ಒಂದು ಕಡೆ ಹೀಗೆ, ಇನ್ನೊಂದು ಕಡೆ ರ ಬರೆದು ಕೆಳಗೆ ಯ ಒತ್ತು ಕೊಟ್ಟು, ಅಂತ ಬೆರೆಸಬೇಡಿ. ಬೆರೆಸಿದರೆ ತಪ್ಪೇನಲ್ಲ, ಆದರೆ ಪುಟ ಇಬ್ಬರು ಬರೆದಂತೆ ಕಾಣುತ್ತದೆ.

ವೇಗ ಬರಲು ಮಂತ್ರ ಏನಿಲ್ಲ. ಮೊದಲು ನಿಧಾನವಾಗಿ ಒಂದು ವಾಕ್ಯ, ಅದೇ ವಾಕ್ಯ ಸ್ವಲ್ಪ ಬೇಗ, ಅದೇ ವಾಕ್ಯ ಪರೀಕ್ಷೆಯಲ್ಲಿ ಬರೆಯುವ ವೇಗದಲ್ಲಿ. ಮೂರನ್ನೂ ಒಂದರ ಕೆಳಗೊಂದು ಇಟ್ಟು ನೋಡಿದರೆ ಮೂರನೆಯದರಲ್ಲಿ ಯಾವ ಅಕ್ಷರ ಮೊದಲು ಮುರಿದುಬಿತ್ತು ಅಂತ ಗೊತ್ತಾಗುತ್ತದೆ. ಆ ಅಕ್ಷರಕ್ಕೆ ಅಚ್ಚಿನ ಆಕಾರ ಒಗ್ಗುವುದಿಲ್ಲ ಅಂತ ಅರ್ಥ. ಹಟ ಮಾಡಬೇಡಿ, ಅದರ ಹಳೇ ರೂಪವನ್ನೇ ವಾಪಸ್ ತನ್ನಿ, ಅಗಲವನ್ನು ಮಾತ್ರ ಹೊಸದಕ್ಕೆ ಹೊಂದಿಸಿ. ಹೀಗೆ ಒಂದೊಂದಾಗಿ ಅಚ್ಚಿನದ್ದು ಎಷ್ಟು, ನಿಮ್ಮದು ಎಷ್ಟು ಅಂತ ಇತ್ಯರ್ಥವಾಗುತ್ತಾ ಹೋದಾಗ ಉಳಿಯುವುದೇ ನೀವು ಕೇಳಿದ ಶೈಲಿ. ಹತ್ತು ಜನ ಒಂದೇ ಪುಸ್ತಕ ನೋಡಿ ಕಲಿತರೂ ಹತ್ತು ಥರ ಬರೋದು ಇದಕ್ಕೇ.

ಅಭ್ಯಾಸಕ್ಕೆ ಬೇರೆ ಕಾಪಿ ಪುಸ್ತಕ ಕೊಳ್ಳುವ ಅಗತ್ಯ ನಿಮಗಿಲ್ಲ. ಬಿ.ಎಡ್. ಅಂದಮೇಲೆ ಪಾಠಯೋಜನೆ, ರೆಕಾರ್ಡು ಅಂತ ಕೈ ನೋಯುವಷ್ಟು ಬರೆಯೋದು ಇದ್ದೇ ಇರುತ್ತದೆ. ದಿನಕ್ಕೆ ಒಂದು ಪುಟ ಹೊಸ ಕೈಯಲ್ಲಿ, ಮಿಕ್ಕಿದ್ದು ಹಳೇ ಕೈಯಲ್ಲಿ. ಪರೀಕ್ಷೆ ಹತ್ತಿರ ಇದ್ದರೆ ಪೂರ್ತಿ ನಿಲ್ಲಿಸಿ, ಮುಗಿದ ಮೇಲೆ ಹಿಡಿಯಿರಿ. ಅಲ್ಲಿ ಯೋಚನೆ ಉತ್ತರದ ಮೇಲಿರಬೇಕು, ಗುಡಿಸಿನ ಮೇಲಲ್ಲ. ಕಪ್ಪುಹಲಗೆ ಮೇಲೂ ಬರೆದು ನೋಡಿ, ಅದು ಬೇರೆಯದೇ ಪರೀಕ್ಷೆ. ಅಲ್ಲಿ ಬೆರಳಿಗೆ ಕೆಲಸ ಕಡಿಮೆ, ತೋಳೇ ಓಡಬೇಕು, ಕಾಗದದಲ್ಲಿ ಮುದ್ದಾಗಿದ್ದ ಸಣ್ಣ ಸುತ್ತುಗಳೆಲ್ಲ ಸೀಮೆಸುಣ್ಣದಲ್ಲಿ ಕಲಸಿಹೋಗುತ್ತವೆ. ಹಲಗೆಗೆ ತಲೆಕಟ್ಟು ಮತ್ತು ಅಗಲ ಎರಡು ಮಾತ್ರ ಒಯ್ಯಿರಿ. ನೀವು ಹೇಗೆ ಬರೆಯುತ್ತೀರೋ ಮಕ್ಕಳು ಹಾಗೇ ತಿದ್ದುತ್ತಾರೆ, ಆದ್ದರಿಂದ ಅಲ್ಲಿ ವಿಪರೀತ ವಯ್ಯಾರ ಬೇಡ.

ಪೆನ್ನಿನ ಬಗ್ಗೆ ಜನ ಅತಿಯಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ದುಂಡಕ್ಷರಕ್ಕೆ ತಿರುವಿನಲ್ಲಿ ತಡೆಯದ ಪೆನ್ನು ಬೇಕು, ಅಷ್ಟೇ. 0.5ರ ಜೆಲ್ ಪೆನ್ನು ಸಾಕು. ಒತ್ತಿ ಬರೆಯುವ ಚಾಳಿ ಇದ್ದರೆ ಸ್ವಲ್ಪ ದಿನ ಇಂಕ್ ಪೆನ್ನು ಹಿಡಿಯಿರಿ, ಅದರಲ್ಲಿ ಒತ್ತಿದರೆ ನಿಬ್ಬು ಕವಲೊಡೆಯುತ್ತದೆ, ಕೈ ತಾನಾಗಿ ಹಗುರಾಗುತ್ತದೆ. ಕಾಗದ ಮಾತ್ರ ಮಸಿ ಹೀರಿ ಹರಡುವಂಥದ್ದು ಆಗಿರಬಾರದು.

ಇಂಗ್ಲಿಷಿಗೂ ಇದೇ ದಾರಿ, ಆದರೆ ಟೈಮ್ಸ್ ನ್ಯೂ ರೋಮನ್ ಥರದ್ದು ಆರಿಸಿಕೊಳ್ಳಬೇಡಿ. 1932ರಲ್ಲಿ ಲಂಡನ್ನಿನ ಒಂದು ದಿನಪತ್ರಿಕೆಗೆ ಅಂತ ಬಂದ ಅಕ್ಷರ ಅದು, ಇಕ್ಕಟ್ಟಾದ ಅಂಕಣದಲ್ಲಿ ಓದೋಕೆ ಚೆನ್ನ, ಕೈಗೆ ದಂಡ. ಗೆರೆಯ ತುದಿಗಳಲ್ಲಿ ಇರುವ ಸಣ್ಣ ಪಾದಗಳನ್ನು, ಒಂದರ ಮೇಲೊಂದು ಅಂತಸ್ತು ಕಟ್ಟಿದಂತಿರುವ a, g ಗಳನ್ನು ಪೆನ್ನಿನಲ್ಲಿ ಎಳೆಯುತ್ತಾ ಕೂತರೆ ಬೆಳಗಾಗುತ್ತದೆ. ಇಟಾಲಿಕ್ ಅಕ್ಷರವನ್ನೇ ಹಿಡಿಯಿರಿ. ಅದು ಕೈಯಿಂದ ಬಂದದ್ದು, ಕೈಗೆ ಬೇಗ ಒಗ್ಗುತ್ತದೆ. ಕನ್ನಡದ ನಡುವೆ ಇಂಗ್ಲಿಷ್ ಪದ ಬಂದರೆ ಅದರ ಸಣ್ಣಕ್ಷರದ ಎತ್ತರ ಕನ್ನಡದ ಮೈಗಿಂತ ಚೂರು ಕಡಿಮೆ ಇರಲಿ, ಸಾಲು ಒಂದೇ ಸಮ ಕಾಣುತ್ತದೆ.

ಕೊನೆಯದಾಗಿ, ಸಹಿಯನ್ನು ಮುಟ್ಟಬೇಡಿ. ಹೊಸ ಕೈಬರಹದ ಖುಷಿಯಲ್ಲಿ ಸಹಿಯನ್ನೂ ಬದಲಾಯಿಸಿಕೊಂಡು, ಚೆಕ್ ವಾಪಸ್ ಬಂದಮೇಲೆ ಬ್ಯಾಂಕಿಗೆ ಅಲೆಯುವವರಿದ್ದಾರೆ. ಬದಲಾಯಿಸಲೇಬೇಕು ಅನಿಸಿದರೆ ಮೊದಲು ಬ್ಯಾಂಕಿಗೆ ಹೋಗಿ ಅವರ ದಾಖಲೆಯಲ್ಲಿರುವ ಮಾದರಿ ಸಹಿ ಬದಲಾಯಿಸಿ, ಆಮೇಲೆ ಉಳಿದ ಕಡೆ ಹಾಕಿ.